‘ಲಾರ್ಡ್ ಆಫ್ ದ ಫ್ಲೈಸ್’ ಓದುವುದು ಹೇಗೆ? ಹೆದರಿಕೆಯ ಜಾಡು ಹಿಡಿದು ಒಂದು ಸಮಗ್ರ ಮಾರ್ಗದರ್ಶಿ

ವಿಲಿಯಂ ಗೋಲ್ಡಿಂಗ್ ಅವರ ಈ ಕಾದಂಬರಿಯನ್ನು ಬಹಳ ಜನ ಪರೀಕ್ಷೆಗಾಗಿ ಓದಿರುತ್ತಾರೆ. ಶಂಖ ಅಂದರೆ ಪ್ರಜಾಪ್ರಭುತ್ವ, ಕನ್ನಡಕ ಅಂದರೆ ವಿಜ್ಞಾನ, ಹಂದಿಯ ತಲೆ ಅಂದರೆ ಕೆಡುಕು ಅಂತ ಒಂದು ಪಟ್ಟಿ ಬಾಯಿಪಾಠ ಮಾಡಿಕೊಂಡರೆ ಅಂಕ ಬರುತ್ತದೆ. ಆದರೆ ಪುಸ್ತಕ ಮಾತ್ರ ಕೈಗೆ ಸಿಗುವುದಿಲ್ಲ. ನಾನೂ ಮೊದಲ ಸಲ ಹಾಗೇ ಓದಿದ್ದೆ. ಆಮೇಲೆ ಒಂದು ರಜೆಯಲ್ಲಿ, ಯಾವ ಪರೀಕ್ಷೆಯ ಗೋಜೂ ಇಲ್ಲದಾಗ, ಯಾರು ಯಾವಾಗ ಹೆದರಿದರು ಅನ್ನುವುದನ್ನಷ್ಟೇ ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾ ಮತ್ತೆ ಓದಿದೆ. ಆಗ ಪುಸ್ತಕ ಬೇರೆಯೇ ಆಗಿ ಕಂಡಿತು. ಈ ಕಥೆಯಲ್ಲಿ ಕ್ರೌರ್ಯ ಮೊದಲು ಬರುವುದಿಲ್ಲ. ಹೆದರಿಕೆ ಮೊದಲು ಬರುತ್ತದೆ, ಆ ಹೆದರಿಕೆಗೆ ಯಾರೋ ಒಬ್ಬ ಒಂದು ಉತ್ತರ ಕೊಡುತ್ತಾನೆ, ಆ ಉತ್ತರದ ಬೆನ್ನಿಗೇ ಕ್ರೌರ್ಯ ಬರುತ್ತದೆ.

ಹಾಗೆ ಓದುವುದು ಹೇಗೆ ಅನ್ನುವುದನ್ನೇ ಇಲ್ಲಿ ಹಂತ ಹಂತವಾಗಿ ಬರೆಯುತ್ತಿದ್ದೇನೆ. ಕಥೆಯ ಕೊನೆಯವರೆಗೂ ಎಲ್ಲ ಹೇಳಿಬಿಡುತ್ತೇನೆ. ಆದ್ದರಿಂದ ಇನ್ನೂ ಓದಿಲ್ಲದವರು ಎರಡನೇ ಹಂತ ಮುಗಿದ ಮೇಲೆ ಇದನ್ನು ಪಕ್ಕಕ್ಕಿಟ್ಟು, ಪುಸ್ತಕ ಮುಗಿಸಿ ಬನ್ನಿ. ಒಂದು ಪೆನ್ಸಿಲ್, ಒಂದು ತೆಳು ನೋಟ್‌ಬುಕ್ ಇದ್ದರೆ ಸಾಕು.

ಹಂತ 1: ಶುರು ಮಾಡುವ ಮುಂಚೆ ಇಷ್ಟು ತಿಳಿದಿರಲಿ

ಕಾದಂಬರಿ ಬಂದದ್ದು 1954ರ ಸೆಪ್ಟೆಂಬರ್‌ನಲ್ಲಿ. ಎರಡನೇ ಮಹಾಯುದ್ಧ ಮುಗಿದು ಒಂಬತ್ತು ವರ್ಷವಾಗಿತ್ತು. ಗೋಲ್ಡಿಂಗ್ ಇಂಗ್ಲೆಂಡಿನ ಸಾಲ್ಸ್‌ಬರಿಯಲ್ಲಿ ಗಂಡುಮಕ್ಕಳ ಶಾಲೆಯೊಂದರ ಮೇಷ್ಟ್ರು. 1940ರಲ್ಲಿ ನೌಕಾಪಡೆ ಸೇರಿದವರು, 1944ರ ಜೂನ್ 6ರಂದು ನಾರ್ಮಂಡಿ ತೀರದ ದಾಳಿಯಲ್ಲಿ ರಾಕೆಟ್ ಹಾರಿಸುವ ಹಡಗೊಂದನ್ನು ನಡೆಸಿದ್ದರು. ಯುದ್ಧ ಮುಗಿದ ಮೇಲೆ ಅದೇ ತರಗತಿಗೆ, ಅದೇ ವಯಸ್ಸಿನ ಹುಡುಗರ ಮುಂದೆ ವಾಪಸ್ ಬಂದು ನಿಂತರು. ಇದೊಂದು ನೆನಪಿದ್ದರೆ ಪುಸ್ತಕದ ಅರ್ಧ ಬಾಗಿಲು ತೆರೆದ ಹಾಗೆ. ಯುದ್ಧದಲ್ಲಿ ಕಂಡದ್ದನ್ನೂ ಬೆಂಚಿನ ಮೇಲೆ ಕೂತ ಮಕ್ಕಳನ್ನೂ ಒಟ್ಟಿಗೆ ನೋಡಿದ ಮನುಷ್ಯ ಬರೆದ ಕಥೆ ಇದು.

ಹಸ್ತಪ್ರತಿಯ ಮೊದಲ ಹೆಸರು ‘ಸ್ಟ್ರೇಂಜರ್ಸ್ ಫ್ರಮ್ ವಿದಿನ್’. ಅಂದರೆ ಒಳಗಿನಿಂದಲೇ ಬಂದ ಅಪರಿಚಿತರು. ಹಲವು ಪ್ರಕಾಶಕರು ಬೇಡವೆಂದರು. ಫೇಬರ್ ಸಂಸ್ಥೆಯಲ್ಲೂ ಮೊದಲು ಓದಿದವರು ಇದು ಕೆಲಸಕ್ಕೆ ಬಾರದ್ದು ಎಂದು ಪಕ್ಕಕ್ಕಿಟ್ಟಿದ್ದರು. ಚಾರ್ಲ್ಸ್ ಮಾಂಟೀತ್ ಎಂಬ ಹೊಸ ಸಂಪಾದಕ ಅದನ್ನು ಎತ್ತಿಕೊಂಡು, ಓದಿ, ತಿದ್ದಿಸಿ ಅಚ್ಚಿಗೆ ತಂದರು. 1983ರಲ್ಲಿ ಗೋಲ್ಡಿಂಗ್ ಅವರಿಗೆ ನೊಬೆಲ್ ಬಂತು.

ಈಗಿನ ಹೆಸರಿಗೆ ‘ನೊಣಗಳ ಒಡೆಯ’ ಎಂದರ್ಥ. ಬೈಬಲಿನಲ್ಲಿ ಬರುವ ಬೀಲ್ಜೆಬಬ್ ಅನ್ನುವ ಹೆಸರಿಗೂ ಅದೇ ಅರ್ಥ ಹೇಳುತ್ತಾರೆ. ಕ್ರೈಸ್ತರಲ್ಲಿ ಅದು ಸೈತಾನನ ಹೆಸರು.

ಇನ್ನೊಂದು ವಿಷಯ. 19ನೇ ಶತಮಾನದಲ್ಲಿ ಆರ್. ಎಂ. ಬ್ಯಾಲಂಟೈನ್ ‘ದ ಕೋರಲ್ ಐಲ್ಯಾಂಡ್’ ಅಂತ ಒಂದು ಸಾಹಸಕಥೆ ಬರೆದಿದ್ದರು. ರಾಲ್ಫ್, ಜ್ಯಾಕ್, ಪೀಟರ್‌ಕಿನ್ ಎಂಬ ಮೂವರು ಇಂಗ್ಲಿಷ್ ಹುಡುಗರು ದ್ವೀಪದಲ್ಲಿ ಸಿಕ್ಕಿಕೊಂಡರೂ ಅಚ್ಚುಕಟ್ಟಾಗಿ ಬದುಕುತ್ತಾರೆ. ಅಲ್ಲಿ ಕೆಡುಕು ಏನಿದ್ದರೂ ಹೊರಗಿನದು, ಕಡಲ್ಗಳ್ಳರದು, ದ್ವೀಪದ ಜನರದು. ಗೋಲ್ಡಿಂಗ್ ಅದರಿಂದ ರಾಲ್ಫ್, ಜ್ಯಾಕ್ ಅನ್ನುವ ಎರಡು ಹೆಸರುಗಳನ್ನು ತೆಗೆದುಕೊಂಡು ಆ ನಂಬಿಕೆಯನ್ನು ಪೂರ್ತಿ ತಿರುಗಿಸಿದರು.

ಹಂತ 2: ಮೊದಲ ಓದು ಬರೀ ಕಥೆಗಾಗಿ

ಒಟ್ಟು 12 ಅಧ್ಯಾಯ. ಮೊದಲ ಸಲ ಏನೂ ಬರೆದುಕೊಳ್ಳಬೇಡಿ, ಸುಮ್ನೆ ಓದಿ. ಕಾಡು, ಬಂಡೆ, ಕಡಲಿನ ವರ್ಣನೆಗಳಲ್ಲಿ ಇಂಗ್ಲಿಷ್ ಸ್ವಲ್ಪ ಕಷ್ಟ. ಹುಡುಗರ ಮಾತು ಸುಲಭ. ಅರ್ಥವಾಗದ ಪದ ಬಂದರೆ ನಿಲ್ಲದೆ ಮುಂದೆ ಹೋಗಿ.

ಅಣುಯುದ್ಧದ ಕಾಲದಲ್ಲಿ ಸುರಕ್ಷಿತ ಜಾಗಕ್ಕೆ ಸಾಗಿಸುತ್ತಿದ್ದ ಹುಡುಗರ ವಿಮಾನ ಜನರಿಲ್ಲದ ದ್ವೀಪದಲ್ಲಿ ಬೀಳುತ್ತದೆ. ದೊಡ್ಡವರು ಯಾರೂ ಇಲ್ಲ. ಐದು ಹೆಸರು ಗಟ್ಟಿಯಾಗಿ ಹಿಡಿದುಕೊಳ್ಳಿ: ನಾಯಕನಾಗುವ ರಾಲ್ಫ್, ಚರ್ಚಿನಲ್ಲಿ ಹಾಡುವ ಹುಡುಗರ ತಂಡದ ಮುಖಂಡ ಜ್ಯಾಕ್, ಉಬ್ಬಸದ, ದಪ್ಪ ಕನ್ನಡಕದ ಪಿಗ್ಗಿ, ಮಾತು ಕಡಿಮೆಯ ಸೈಮನ್, ಮತ್ತು ರೋಜರ್. ಉಳಿದವರಲ್ಲಿ ಆರು ವರ್ಷದ ಆಸುಪಾಸಿನ ಪುಟಾಣಿಗಳು ಬಹಳ. ಅವರನ್ನು ಮರೆಯಬೇಡಿ, ಯಾಕೆಂದರೆ ಹೆದರಿಕೆ ಶುರುವಾಗುವುದು ಅವರಿಂದಲೇ.

ಹಂತ 3: ಹೆದರಿಕೆಯ ಲೆಕ್ಕ ಬರೆಯಿರಿ

ಇದೇ ಮುಖ್ಯವಾದ ಕೆಲಸ, ಇದಕ್ಕೆ ಜಾಸ್ತಿ ಸಮಯ ಕೊಡಿ. ಎರಡನೇ ಓದಿನಲ್ಲಿ, ದ್ವೀಪದಲ್ಲಿ ಅಡಗಿದೆ ಎಂದು ಹುಡುಗರು ಹೆದರುವ ‘ಮೃಗ’ದ ಮಾತು ಬಂದ ಪ್ರತಿಯೊಂದು ಕಡೆ ನಾಲ್ಕು ವಿಷಯ ಬರೆದುಕೊಳ್ಳಿ: ಯಾರು ಹೇಳಿದರು, ಹಗಲೋ ರಾತ್ರಿಯೋ, ನಿಜವಾಗಿ ಅಲ್ಲಿ ಇದ್ದದ್ದು ಏನು, ಕೇಳಿದವರು ಏನು ಉತ್ತರ ಕೊಟ್ಟರು.

ಮೊದಲ ನಮೂದು ಎರಡನೇ ಅಧ್ಯಾಯದಲ್ಲೇ ಸಿಗುತ್ತದೆ. ಮುಖದ ಮೇಲೆ ದೊಡ್ಡ ಮಚ್ಚೆಯಿರುವ ಒಬ್ಬ ಪುಟಾಣಿ ಅಳುತ್ತಾ ಬಂದು, ಕತ್ತಲಲ್ಲಿ ಹಾವಿನಂಥದ್ದೊಂದು ಬಂದಿತ್ತು ಅನ್ನುತ್ತಾನೆ. ಬೆಳಗಾದ ಮೇಲೆ ಅದು ಮರದಲ್ಲಿ ನೇತಾಡುವ ಹಗ್ಗದಂಥ ಬಳ್ಳಿಗಳಾಯಿತಂತೆ! ಹಗ್ಗವನ್ನು ಹಾವೆಂದು ಕಂಡು ಬೆಚ್ಚಿದ ಕಥೆಯನ್ನು ನಾವು ಎಷ್ಟು ಸಲ ಕೇಳಿದ್ದೇವೆ ಅಲ್ವಾ? ರಜ್ಜು-ಸರ್ಪದ ದೃಷ್ಟಾಂತ ಗೊತ್ತಿರುವವರಿಗೆ ಈ ಪುಟ ಬಹಳ ಹತ್ತಿರದ್ದು. ಆದರೆ ನಮ್ಮ ದೃಷ್ಟಾಂತದಲ್ಲಿ ದೀಪ ತಂದರೆ ಹಾವು ಹೋಗಿ ಹಗ್ಗ ಉಳಿಯುತ್ತದೆ. ಇಲ್ಲಿ ಬೆಳಕು ಬಂದರೂ ಹಾವು ಹೋಗುವುದಿಲ್ಲ. ಈಗ ಬಳ್ಳಿಯಾಗಿದೆ, ರಾತ್ರಿ ಮತ್ತೆ ಬರುತ್ತದಾ ಅನ್ನುವುದೇ ಆ ಮಗುವಿನ ಪ್ರಶ್ನೆ. ಅದೇ ದಿನ ಹುಡುಗರು ಹಚ್ಚಿದ ಬೆಂಕಿ ಕೈಮೀರಿ ಕಾಡಿಗೆ ಹರಡಿದಾಗ, ಉರಿಯುವ ಬಳ್ಳಿಗಳನ್ನು ನೋಡಿ ಪುಟಾಣಿಗಳು ಹಾವು ಹಾವು ಎಂದು ಚೀರುತ್ತಾರೆ. ಮಚ್ಚೆಯ ಹುಡುಗ ಆಮೇಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಅಂದರೆ ಮೊದಲ ಸಾವು ಮೃಗದಿಂದ ಆದದ್ದಲ್ಲ, ಇವರೇ ಹಚ್ಚಿದ ಬೆಂಕಿಯಿಂದ ಆದದ್ದು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಈಗ ಉತ್ತರದ ಜಾಗ ನೋಡಿ. ರಾಲ್ಫ್ ಮತ್ತೆ ಮತ್ತೆ ‘ಅಂಥದ್ದೇನೂ ಇಲ್ಲ’ ಅನ್ನುತ್ತಾನೆ. ಜ್ಯಾಕ್, ಸಭೆಯಲ್ಲಿ ಮಾತಾಡುವವರು ಕೈಯಲ್ಲಿ ಹಿಡಿಯಬೇಕಾದ ಶಂಖವನ್ನು ಕಿತ್ತುಕೊಂಡು, ರಾಲ್ಫ್ ಹೇಳಿದ್ದು ಸರಿ, ಹಾವು ಇಲ್ಲ, ಆದರೆ ಇದ್ದರೆ ನಾವು ಬೇಟೆಯಾಡಿ ಕೊಲ್ಲುತ್ತೇವೆ ಅನ್ನುತ್ತಾನೆ. ಈ ಸಾಲಿನ ಕೆಳಗೆ ಎರಡು ಗೆರೆ ಎಳೆಯಿರಿ. ಹೆದರಿದ ಮಗುವಿಗೆ ಯಾವ ಉತ್ತರ ಸಮಾಧಾನ ಕೊಡುತ್ತದೆ? ಗುಮ್ಮ ಇಲ್ಲ ಅಂದರೆ ಮಗು ಸುಮ್ಮನಾಗುವುದಿಲ್ಲ. ಗುಮ್ಮ ಬಂದರೆ ಹೊಡೆದು ಓಡಿಸುತ್ತೇನೆ ಅಂದರೆ ಸುಮ್ಮನಾಗುತ್ತದೆ. ಆದರೆ ಹಾಗೆ ಹೇಳಿದ ಕೂಡಲೇ ಗುಮ್ಮ ಇದೆ ಅಂತ ಒಪ್ಪಿಕೊಂಡ ಹಾಗಾಯಿತು, ಜೊತೆಗೆ ಕೋಲು ಹಿಡಿದವನು ಬೇಕೇ ಬೇಕು ಅಂತಲೂ ಆಯಿತು. ಜ್ಯಾಕ್‌ನ ಇಡೀ ಅಧಿಕಾರ ಈ ಒಂದು ‘ಇದ್ದರೆ’ಯ ಮೇಲೆ ನಿಂತಿದೆ.

ಐದನೇ ಅಧ್ಯಾಯದ ಸಭೆಯನ್ನು ನಿಧಾನವಾಗಿ ಓದಿ. ರಾಲ್ಫ್ ಸಭೆ ಕರೆಯುವುದು ಸಂಜೆ, ಹೆದರಿಕೆಯ ಮಾತು ಶುರುವಾಗುವ ಹೊತ್ತಿಗೆ ಕತ್ತಲಾಗುತ್ತಿರುತ್ತದೆ. ಸಮಯದ ಕಾಲಂ ಇಟ್ಟುಕೊಂಡದ್ದು ಇದಕ್ಕೇ. ಪಿಗ್ಗಿ ಎದ್ದು, ಮೃಗ ಇಲ್ಲ, ಹೆದರಬೇಕಾದ್ದೂ ಇಲ್ಲ ಅನ್ನುತ್ತಾನೆ. ಆಮೇಲೆ ತಡೆದು, ನಾವು ಮನುಷ್ಯರಿಗೇ ಹೆದರಿದರೆ ಮಾತ್ರ ಬೇರೆ ಅನ್ನುತ್ತಾನೆ. ಸೈಮನ್ ತಡವರಿಸುತ್ತಾ, ಆ ಮೃಗ ನಾವೇ ಇರಬಹುದು ಅನ್ನುವ ಅರ್ಥದ ಮಾತಾಡುತ್ತಾನೆ. ಎಲ್ಲರೂ ಅವನನ್ನು ಗೇಲಿ ಮಾಡುತ್ತಾರೆ.

ಇದೇ ಸಭೆಯಲ್ಲಿ ಫಿಲ್ ಎಂಬ ಪುಟಾಣಿ, ರಾತ್ರಿ ಮರಗಳ ನಡುವೆ ದೊಡ್ಡದೇನೋ ಓಡಾಡಿದ್ದನ್ನು ಕಂಡೆ ಎಂದು ಹೇಳುತ್ತಾನೆ. ವಿಚಾರಿಸಿದರೆ ಅದು ಸೈಮನ್. ಕತ್ತಲಲ್ಲಿ ತನ್ನ ಪಾಡಿಗೆ ತನಗಿಷ್ಟದ ಜಾಗಕ್ಕೆ ಹೋಗುತ್ತಿದ್ದ. ಮೊದಲ ಓದಿನಲ್ಲಿ ಇದು ನನಗೆ ಕಂಡೇ ಇರಲಿಲ್ಲ. ಒಂಬತ್ತನೇ ಅಧ್ಯಾಯದಲ್ಲಿ ಮೃಗವೆಂದು ಬಡಿದು ಕೊಲ್ಲುವುದು ಇದೇ ಸೈಮನ್‌ನನ್ನು. ನಾಲ್ಕು ಅಧ್ಯಾಯ ಮೊದಲೇ ಅವನನ್ನು ಒಮ್ಮೆ ಮೃಗ ಅಂದುಕೊಂಡಾಗಿತ್ತು, ಆವತ್ತು ಕೇಳಿ ತಿಳಿದುಕೊಳ್ಳುವಷ್ಟು ತಾಳ್ಮೆ ಇತ್ತು.

ಅಲ್ಲಿಂದ ಮುಂದೆ ಲೆಕ್ಕ ಬೇಗ ತುಂಬುತ್ತದೆ. ಪರ್ಸಿವಲ್ ಎಂಬ ಮಗು ಮೃಗ ಕಡಲಿನಿಂದ ಬರುತ್ತದೆ ಅನ್ನುತ್ತದೆ. ಸಭೆ ಮುರಿದ ಮೇಲೆ ರಾಲ್ಫ್, ಪಿಗ್ಗಿ, ಸೈಮನ್ ಮೂವರೂ ದೊಡ್ಡವರು ಏನಾದರೂ ಒಂದು ಗುರುತು ಕಳಿಸಬಾರದೇ ಅಂದುಕೊಳ್ಳುತ್ತಾರೆ. ಆರನೇ ಅಧ್ಯಾಯದಲ್ಲಿ ಗುರುತು ಬರುತ್ತದೆ: ಆಕಾಶದಲ್ಲಿ ನಡೆದ ಕಾಳಗದಿಂದ ಪ್ಯಾರಾಚೂಟ್ ಸಮೇತ ಬಿದ್ದ ಸೈನಿಕನ ಹೆಣ. ಗಾಳಿ ಬೀಸಿದಾಗಲೆಲ್ಲ ಆ ಹೆಣ ಎದ್ದು ಕೂರುತ್ತದೆ, ಮತ್ತೆ ಬಾಗುತ್ತದೆ. ಸ್ಯಾಮ್, ಎರಿಕ್ ಎಂಬ ಅವಳಿ ಹುಡುಗರು ಅದನ್ನು ಅರೆಗತ್ತಲಲ್ಲಿ ಕಂಡು ಓಡಿಬಂದು ಹೇಳುವಾಗ ಉಗುರು, ಹಲ್ಲು, ಬೆನ್ನಟ್ಟಿ ಬಂದದ್ದು ಎಲ್ಲ ಸೇರಿಕೊಳ್ಳುತ್ತದೆ. ನೋಡಿದ್ದಕ್ಕೂ ಹೇಳಿದ್ದಕ್ಕೂ ನಡುವಿನ ಅಂತರವನ್ನು ಬರೆದುಕೊಳ್ಳಿ. ಇಡೀ ಪುಸ್ತಕದಲ್ಲಿ ಮೃಗವೆಂದುಕೊಂಡದ್ದನ್ನು ಹಗಲಲ್ಲಿ ಹತ್ತಿರ ಹೋಗಿ ನೋಡುವವನು ಒಬ್ಬನೇ, ಸೈಮನ್. ಅವನು ಹೆಣಕ್ಕೆ ಸುತ್ತಿಕೊಂಡ ಹಗ್ಗಗಳನ್ನು ಬಿಡಿಸುತ್ತಾನೆ. ಹೌದು, ಮತ್ತೆ ಹಗ್ಗ.

ಹಂತ 4: ಸಂಕೇತಗಳ ಅರ್ಥ ಬರೆಯಬೇಡಿ, ಅವುಗಳಿಗೆ ಏನಾಯಿತು ಅಂತ ಬರೆಯಿರಿ

ಶಂಖ ಅಂದ ಕೂಡಲೇ ನಮಗೆ ದೇವರ ಮನೆ ನೆನಪಾಗುತ್ತದೆ, ಕುರುಕ್ಷೇತ್ರ ನೆನಪಾಗುತ್ತದೆ, ಹಳ್ಳಿಯಲ್ಲಿ ಬೆಳೆದವರಿಗೆ ದಾಸಯ್ಯನ ಶಂಖ ಜಾಗಟೆಯೂ ನೆನಪಾಗಬಹುದು. ಅದನ್ನೆಲ್ಲ ಸ್ವಲ್ಪ ಹೊತ್ತು ಬದಿಗಿಡಿ. ಈ ಶಂಖಕ್ಕೆ ಹುಟ್ಟಿನಿಂದ ಯಾವ ಪಾವಿತ್ರ್ಯವೂ ಇಲ್ಲ. ರಾಲ್ಫ್ ಕಣ್ಣಿಗೆ ಬಿದ್ದದ್ದು ನೀರಿನಲ್ಲಿ. ಊದುವುದು ಹೇಗೆ ಅಂತ ಹೇಳಿಕೊಟ್ಟದ್ದು ಪಿಗ್ಗಿ. ಉಬ್ಬಸದಿಂದ ತಾನು ಊದಲಾಗದು, ಹಾಗಾಗಿ ಊದಿದವನು ರಾಲ್ಫ್, ನಾಯಕನಾದವನೂ ರಾಲ್ಫ್. ಹುಡುಗರು ಒಪ್ಪಿಕೊಂಡಿರುವಷ್ಟು ದಿನ ಮಾತ್ರ ಅದಕ್ಕೆ ಶಕ್ತಿ. ಅದರ ಬಣ್ಣ ಗಮನಿಸುತ್ತಾ ಹೋಗಿ, ಮೊದಲಿಗೆ ಕೆನೆ ಮತ್ತು ಗುಲಾಬಿ ಇದ್ದದ್ದು ಬಿಸಿಲಿಗೆ ಬಿಳುಚಿಕೊಳ್ಳುತ್ತಾ ಬರುತ್ತದೆ. ಐದನೇ ಅಧ್ಯಾಯದ ಕೊನೆಗೆ ಎಲ್ಲರೂ ಕೂಗಾಡುತ್ತಾ ಓಡಿದಾಗ ಶಂಖ ಊದು ಎಂದು ಪಿಗ್ಗಿ ಬೇಡಿಕೊಂಡರೂ ರಾಲ್ಫ್ ಊದುವುದಿಲ್ಲ. ಊದಿದರೂ ಯಾರೂ ಬರದಿದ್ದರೆ ಅಲ್ಲಿಗೆ ಎಲ್ಲ ಮುಗಿಯಿತು ಎಂಬ ಅಳುಕು. ಹನ್ನೊಂದನೇ ಅಧ್ಯಾಯದಲ್ಲಿ ರೋಜರ್ ಉರುಳಿಸಿದ ಬಂಡೆಗೆ ಸಿಕ್ಕಿ ಶಂಖ ಚೂರುಚೂರಾಗುವುದು ಎಲ್ಲರಿಗೂ ನೆನಪಿರುತ್ತದೆ. ನನ್ನ ಪ್ರಕಾರ ಅದು ನಿಜವಾಗಿ ಒಡೆದದ್ದು ಊದದೇ ಉಳಿದ ಆ ಸಂಜೆಯಲ್ಲಿ.

ಕನ್ನಡಕ: ಮೊದಲು ಪೂರ್ತಿ, ನಾಲ್ಕನೇ ಅಧ್ಯಾಯದಲ್ಲಿ ಜ್ಯಾಕ್ ಹೊಡೆದ ಏಟಿಗೆ ಒಂದು ಗಾಜು ಹೋಗುತ್ತದೆ, ಹತ್ತನೆಯದರಲ್ಲಿ ಕಳವಾಗುತ್ತದೆ. ಕಳ್ಳತನದ ರಾತ್ರಿ, ರಾಲ್ಫ್‌ನಿಂದ ಬೇರೆಯಾದ ಜ್ಯಾಕ್‌ನ ಗುಂಪಿನವರು ಶಂಖಕ್ಕಾಗಿ ಬಂದರು ಎಂದು ಪಿಗ್ಗಿ ಅಂದುಕೊಂಡಿರುತ್ತಾನೆ. ಅವರಿಗೆ ಶಂಖ ಬೇಕಾಗಿಯೇ ಇರಲಿಲ್ಲ, ಕನ್ನಡಕದ ಗಾಜಿನಿಂದ ಹಚ್ಚುವ ಬೆಂಕಿ ಬೇಕಾಗಿತ್ತು. (ಪಿಗ್ಗಿಯದು ಸಮೀಪದೃಷ್ಟಿಯ ಗಾಜು, ಅದು ಬಿಸಿಲನ್ನು ಒಂದು ಕಡೆ ಕೂಡಿಸುವುದಿಲ್ಲ, ಭೌತಶಾಸ್ತ್ರ ಓದಿದವರು ಇದನ್ನು ತಪ್ಪೆನ್ನುತ್ತಾರೆ, ಸರಿಯೇ. ಕಥೆಗೆ ಅದರಿಂದ ನಷ್ಟವಿಲ್ಲ.)

ಬೆಂಕಿಗೆ ಒಂದೇ ಅರ್ಥ ಅಂಟಿಸಲು ಹೋದರೆ ಸೋಲುತ್ತೀರಿ. ಹಡಗಿಗೆ ಕಾಣಲೆಂದು ಹಚ್ಚಿದ್ದು ಮಗುವನ್ನು ಸುಡುತ್ತದೆ. ಕೊನೆಗೆ ರಾಲ್ಫ್‌ನನ್ನು ಹೊರಗಟ್ಟಿ ಕೊಲ್ಲಲು ಹಚ್ಚಿದ್ದೇ ಹಡಗನ್ನು ಕರೆತಂದು ಅವನನ್ನು ಉಳಿಸುತ್ತದೆ.

ಹಂತ 5: ಕ್ರೌರ್ಯದ ಮೆಟ್ಟಿಲುಗಳನ್ನು ಎಣಿಸಿ

ಮೊದಲು ಒಂದು ಪದದ ಬಗ್ಗೆ ಹೇಳಬೇಕು. ಇಂಗ್ಲಿಷಿನಲ್ಲಿ ಬಣ್ಣ ಬಳಿದುಕೊಂಡ ಈ ಹುಡುಗರನ್ನು ಕರೆಯುವ ಪದಕ್ಕೆ ನಾವು ಸಲೀಸಾಗಿ ಕಾಡುಜನ, ಅನಾಗರಿಕರು ಎಂದು ಬರೆದುಬಿಡುತ್ತೇವೆ. ನಾನು ಬರೆಯುವುದಿಲ್ಲ. ಕಾಡಿನಲ್ಲಿ ಬದುಕುವ ಜನ ಮಾಡಿದ ತಪ್ಪಾದರೂ ಏನು? ಈ ಹುಡುಗರು ಕಪ್ಪು ನಿಲುವಂಗಿ ತೊಟ್ಟು, ಸಾಲಾಗಿ ಹೆಜ್ಜೆ ಹಾಕುತ್ತಾ, ಮುಖಂಡನ ಅಪ್ಪಣೆಗೆ ಕಾಯುವುದನ್ನು ಇಂಗ್ಲೆಂಡಿನಲ್ಲೇ ಕಲಿತು ಬಂದವರು. ಆದ್ದರಿಂದ ನಿಮ್ಮ ನೋಟ್ಸಿನಲ್ಲಿ ಕ್ರೌರ್ಯ ಎಂದೇ ಬರೆಯಿರಿ.

ಈಗ ಎಣಿಸಿ. ಒಂದನೇ ಅಧ್ಯಾಯದಲ್ಲಿ ಬಳ್ಳಿಗೆ ಸಿಕ್ಕ ಹಂದಿಮರಿಯ ಮುಂದೆ ಜ್ಯಾಕ್ ಚಾಕು ಎತ್ತುತ್ತಾನೆ, ಇಳಿಸಲಾರ. ರಕ್ತದ ನೆನಪಿಗೇ ಕೈ ನಿಲ್ಲುತ್ತದೆ. ಆಮೇಲೆ ನಾಚಿಕೆಯಾಗಿ ಚಾಕುವನ್ನು ಮರಕ್ಕೆ ಚುಚ್ಚುತ್ತಾನೆ. ನಾಲ್ಕನೆಯದರಲ್ಲಿ ರೋಜರ್ ಹೆನ್ರಿ ಎಂಬ ಪುಟಾಣಿಯ ಕಡೆಗೆ ಕಲ್ಲೆಸೆಯುತ್ತಾನೆ, ಬೇಕೆಂದೇ ಗುರಿ ತಪ್ಪಿಸಿ. ಮಗುವಿನ ಸುತ್ತ ಕೆಲವು ಗಜಗಳ ಒಂದು ಕಾಣದ ವೃತ್ತ, ಅದರೊಳಗೆ ಕಲ್ಲು ಹಾಕಲು ಧೈರ್ಯವಿಲ್ಲ. ತಂದೆತಾಯಿ, ಶಾಲೆ, ಪೊಲೀಸ್, ಕಾನೂನು ಎಲ್ಲ ಸೇರಿ ಅವನ ತೋಳನ್ನು ಹಿಡಿದಿವೆ. ಇಡೀ ಕಾದಂಬರಿಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಪುಟ ಇದು. ಹನ್ನೊಂದನೇ ಅಧ್ಯಾಯದಲ್ಲಿ ಬಂಡೆ ಉರುಳಿಸಿ ಪಿಗ್ಗಿಯನ್ನು ಕೊಲ್ಲುವುದು ಇದೇ ತೋಳು. ಎರಡೂ ಪುಟಗಳನ್ನು ಒಂದರ ಪಕ್ಕ ಒಂದಿಟ್ಟು ಓದಿ, ನಡುವೆ ಯಾವ ಯಾವ ಕೈ ಆ ತೋಳನ್ನು ಬಿಟ್ಟಿತು ಅಂತ ಹುಡುಕಿ.

ನಡುವೆ ಮುಖದ ಬಣ್ಣವಿದೆ. ಬಿಳಿ, ಕೆಂಪು ಮಣ್ಣು, ಇದ್ದಿಲು. ಬಳಿದುಕೊಂಡು ನೀರಿನಲ್ಲಿ ಮುಖ ನೋಡಿಕೊಂಡ ಜ್ಯಾಕ್‌ಗೆ ಅಲ್ಲಿ ಕಾಣುವುದು ಬೇರೆ ಯಾರೋ, ಆ ಬೇರೆಯವನಿಗೆ ನಾಚಿಕೆ ಇಲ್ಲ. ಏಳನೆಯದರಲ್ಲಿ ರಾಬರ್ಟ್ ಎಂಬ ಹುಡುಗನನ್ನು ಹಂದಿ ಮಾಡಿ ಆಟವಾಡುತ್ತಾರೆ, ಆಟ ಬಿಗಿಯಾಗಿ ಅವನು ನಿಜವಾಗಿ ಅಳುತ್ತಾನೆ. ಆ ಗುಂಪಿನಲ್ಲಿ ರಾಲ್ಫ್ ಕೂಡ ಇದ್ದಾನೆ, ಅವನಿಗೂ ಚುಚ್ಚುವ ಆಸೆಯಾಗುತ್ತದೆ. ಇದನ್ನು ಬಿಟ್ಟು ರಾಲ್ಫ್ ಒಳ್ಳೆಯವನು, ಜ್ಯಾಕ್ ಕೆಟ್ಟವನು ಎಂದು ಬರೆದರೆ ಬರೀ ಅರ್ಧ ಪುಸ್ತಕ ಓದಿದ ಹಾಗೆ.

ಹಂತ 6: ಸೈಮನ್‌ನ ರಾತ್ರಿಯನ್ನು ಜೋರಾಗಿ ಓದಿ

ಎಂಟು ಮತ್ತು ಒಂಬತ್ತನೇ ಅಧ್ಯಾಯಗಳನ್ನು ಒಂದೇ ಕೂರಿಕೆಯಲ್ಲಿ ಓದಬೇಕು. ಜ್ಯಾಕ್‌ನ ಬೇಟೆಗಾರರು ಮರಿಗಳಿಗೆ ಹಾಲೂಡಿಸುತ್ತಿದ್ದ ಹಂದಿಯನ್ನು ಕೊಂದು, ತಲೆಯನ್ನು ಎರಡೂ ತುದಿ ಚೂಪು ಮಾಡಿದ ಕೋಲಿಗೆ ಸಿಕ್ಕಿಸಿ, ಇದು ಮೃಗಕ್ಕೆ ಕಾಣಿಕೆ ಎಂದು ಬಿಟ್ಟು ಓಡುತ್ತಾರೆ. ನೊಣ ಮುತ್ತಿದ ಆ ತಲೆ ಸೈಮನ್ ಜೊತೆ ಮಾತಾಡಿದಂತೆ ಆಗುತ್ತದೆ. ನನ್ನನ್ನು ಬೇಟೆಯಾಡಿ ಕೊಲ್ಲಬಹುದು ಅಂದುಕೊಂಡಿರಾ, ನಾನು ನಿಮ್ಮದೇ ಒಂದು ಭಾಗ ಅನ್ನುವುದು ಅದರ ಮಾತಿನ ಸಾರ. ಜ್ಯಾಕ್ ಎರಡನೇ ಅಧ್ಯಾಯದಲ್ಲಿ ಕೊಟ್ಟ ಉತ್ತರಕ್ಕೆ ಇಲ್ಲಿ ಎದುರುತ್ತರ ಸಿಕ್ಕಿದೆ. ಆದರೆ ಕೇಳಿಸಿಕೊಂಡವನು ಒಬ್ಬನೇ.

ಬೆಟ್ಟದ ಮೇಲಿರುವುದು ಬರೀ ಹೆಣ ಎಂದು ತಿಳಿಸಲು ಅವನು ಮಳೆ ಗುಡುಗಿನ ರಾತ್ರಿ ಇಳಿದು ಬರುತ್ತಾನೆ. ಕೆಳಗೆ ವೃತ್ತವಾಗಿ ಕುಣಿತ ನಡೆದಿದೆ. ಇಲ್ಲಿ ಒಂದು ಪದದ ಮೇಲೆ ಕಣ್ಣಿಡಿ. ಅಲ್ಲಿಯವರೆಗೆ ಅವನನ್ನು ಸೈಮನ್ ಎನ್ನುತ್ತಿದ್ದ ನಿರೂಪಕ, ಅವನು ವೃತ್ತದೊಳಗೆ ಬಿದ್ದ ಮೇಲೆ ‘ಮೃಗ’ ಅನ್ನುತ್ತಾನೆ. ಮಂಡಿಯೂರಿ, ಕೈಗಳಿಂದ ಮುಖ ಮುಚ್ಚಿಕೊಂಡು, ಬೆಟ್ಟದ ಮೇಲೊಂದು ಹೆಣವಿದೆ ಎಂದು ಕೂಗುತ್ತಿರುವ ಮೃಗ. ಗೋಲ್ಡಿಂಗ್ ನಮ್ಮನ್ನೂ ಒಂದು ಕ್ಷಣ ಆ ವೃತ್ತದಲ್ಲಿ ನಿಲ್ಲಿಸುತ್ತಾರೆ. ಕುಣಿಯುವವರ ನಡುವೆ ರಾಲ್ಫ್, ಪಿಗ್ಗಿ ಇಬ್ಬರೂ ಇದ್ದರು ಅನ್ನುವುದನ್ನು ಬರೆದುಕೊಳ್ಳಿ.

ಇದನ್ನು ಓದುವಾಗಲೆಲ್ಲ ನನಗೆ 2018ರ ಜುಲೈ ನೆನಪಾಗುತ್ತದೆ. ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್ಆ್ಯಪ್ ವದಂತಿ ನಂಬಿದ ಗುಂಪು, ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಹೊಡೆಯಿತು. ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತುಹೋದರು. ಅಲ್ಲಿ ಸೇರಿದ್ದವರು ದ್ವೀಪದ ಮಕ್ಕಳಲ್ಲ, ದೊಡ್ಡವರು.

ಕೊಂದ ಮರುದಿನದ ಮಾತುಗಳನ್ನು ತಪ್ಪದೇ ನೋಡಿ. ರಾಲ್ಫ್ ಅದು ಕೊಲೆ ಅನ್ನುತ್ತಾನೆ. ಪಿಗ್ಗಿ ಅದೊಂದು ಆಕಸ್ಮಿಕ, ಕತ್ತಲಿತ್ತು, ಮಳೆಯಿತ್ತು ಎಂದು ಕಾರಣ ಹುಡುಕುತ್ತಾನೆ. ಜ್ಯಾಕ್ ಮೃಗ ವೇಷ ಹಾಕಿಕೊಂಡು ಬಂದಿತ್ತು ಅನ್ನುತ್ತಾನೆ. ಹಾಗಾದರೆ ನಾವು ಅದನ್ನು ಕೊಂದೆವಲ್ಲವೇ ಎಂದು ಒಬ್ಬ ಹುಡುಗ ಕೇಳಲು ಹೊರಟರೆ, ಇಲ್ಲ, ಅದನ್ನು ಕೊಲ್ಲಲಾಗದು ಎಂದುಬಿಡುತ್ತಾನೆ. ಕೊಂದೆವು ಅಂದರೆ ಹೆದರಿಕೆ ಮುಗಿಯಬೇಕು, ಹೆದರಿಕೆ ಮುಗಿದರೆ ಜ್ಯಾಕ್‌ಗೆ ಕೆಲಸವಿಲ್ಲ.

ಹಂತ 7: ಈಗ ಪುಸ್ತಕದ ಜೊತೆ ಜಗಳವಾಡಿ

ಗೋಲ್ಡಿಂಗ್ ಹೇಳಿದ್ದೆಲ್ಲ ಒಪ್ಪಬೇಕಾಗಿಲ್ಲ. ಜೇನುಹುಳು ಜೇನು ಮಾಡುವ ಹಾಗೆ ಮನುಷ್ಯ ಕೆಡುಕು ಮಾಡುತ್ತಾನೆ ಎಂದು ಅವರು ಮುಂದೆ ಒಂದು ಪ್ರಬಂಧದಲ್ಲಿ ಬರೆದರು. ಆದರೆ 1965ರಲ್ಲಿ ಟೋಂಗಾದ ಆರು ಶಾಲಾ ಹುಡುಗರು ದೋಣಿ ಕೆಟ್ಟು ಅಟಾ ಎಂಬ ನಿರ್ಜನ ದ್ವೀಪ ಸೇರಿದರು. ಸುಮಾರು 15 ತಿಂಗಳು ಅಲ್ಲಿದ್ದರು. ಕೆಲಸ ಹಂಚಿಕೊಂಡರು, ಬೆಂಕಿ ಆರದಂತೆ ಕಾದರು, ಒಬ್ಬನ ಕಾಲು ಮುರಿದಾಗ ಕಟ್ಟು ಹಾಕಿ ನೋಡಿಕೊಂಡರು. 1966ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪೀಟರ್ ವಾರ್ನರ್ ಅವರನ್ನು ಕಂಡಾಗ ಆರೂ ಜನ ಬದುಕಿದ್ದರು.

ಇದರಿಂದ ಕಾದಂಬರಿ ಸುಳ್ಳಾಯಿತು ಅಂತ ನಾನು ಹೇಳುವುದಿಲ್ಲ. ಆ ಆರು ಜನ ಮೊದಲೇ ಗೆಳೆಯರು, ಒಟ್ಟಿಗೆ ದೋಣಿ ಹತ್ತಿದವರು. ಇಲ್ಲಿಯವರು ಯುದ್ಧದಿಂದ ಬಂದು ಬಿದ್ದವರು, ಎಷ್ಟು ಜನರಿದ್ದೇವೆ ಎಂದು ಕೊನೆಯವರೆಗೂ ಎಣಿಸದವರು. ಹೆದರಿಕೆಯನ್ನು ಯಾರಿಗೂ ನೋವಾಗದಂತೆ ಕಳೆಯುವ ದಾರಿಗಳೂ ಇವೆ. ನಮ್ಮ ಹಳ್ಳಿಗಳಲ್ಲಿ ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆ ಹೆದರಿ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆಯುತ್ತಿದ್ದರಲ್ಲ, ಅದೂ ಗುಂಪಿನ ಹೆದರಿಕೆಯೇ. ಅಲ್ಲಿ ಕೈಗೆ ಬಂದದ್ದು ಬರೀ ಸೀಮೆಸುಣ್ಣ. ನಿಮ್ಮ ಪ್ರಬಂಧದಲ್ಲಿ ಮನುಷ್ಯ ಸ್ವಭಾವತಃ ಕ್ರೂರಿಯೇ ಎಂಬ ದೊಡ್ಡ ಪ್ರಶ್ನೆ ಎತ್ತುವ ಬದಲು, ಈ ಹೆದರಿಕೆ ಈ ಹುಡುಗರ ಕೈಗೆ ಈಟಿಯನ್ನೇ ಯಾಕೆ ಕೊಟ್ಟಿತು ಎಂದು ಕೇಳಿ. ಉತ್ತರಕ್ಕೆ ಬೇಕಾದ ಪುಟಗಳು ಮೂರನೇ ಹಂತದ ಲೆಕ್ಕದಲ್ಲಿ ಆಗಲೇ ನಿಮ್ಮ ಹತ್ತಿರ ಇವೆ.

ಹಂತ 8: ಕೊನೆಯ ಓದಿಗೆ ಒಂದೇ ಒಂದು ಮಗುವನ್ನು ಹಿಂಬಾಲಿಸಿ

ಬಹಳ ಜನ ಕೊನೆಯ ಪುಟದಲ್ಲಿ ರಾಲ್ಫ್ ಅಳುವುದನ್ನು, ಅವನನ್ನು ನೋಡಲಾಗದೆ ನೌಕಾಧಿಕಾರಿ ತನ್ನ ಯುದ್ಧನೌಕೆಯ ಕಡೆ ಕಣ್ಣು ಹೊರಳಿಸುವುದನ್ನು ಬರೆಯುತ್ತಾರೆ. ಬರೆಯಲೇಬೇಕಾದ್ದು ಅದು. ಅದರ ಜೊತೆಗೆ ಪರ್ಸಿವಲ್‌ನನ್ನೂ ನೋಡಿ, ಮೃಗ ಕಡಲಿನಿಂದ ಬರುತ್ತದೆ ಎಂದ ಮಗು. ಐದನೇ ಅಧ್ಯಾಯದಲ್ಲಿ ಅವನ ಹೆಸರು ಕೇಳಿದಾಗ ಪೂರ್ತಿ ಹೆಸರು, ಮನೆ, ಊರು ಒಂದೇ ಉಸಿರಿಗೆ ಒಪ್ಪಿಸುತ್ತಾನೆ, ಫೋನ್ ನಂಬರ್ ಹೇಳಲು ಹೋಗಿ ಬಿಕ್ಕಿ ಅಳುತ್ತಾನೆ. ಮನೆಯವರು ಕಲಿಸಿದ್ದು, ಕಳೆದುಹೋದರೆ ಹೇಳಲಿ ಅಂತ. ಆ ಪುಟಕ್ಕೆ ಒಂದು ಗುರುತು ಹಾಕಿ. ಹನ್ನೆರಡನೆಯದರಲ್ಲಿ, ಕೊನೆಗೂ ಒಬ್ಬ ದೊಡ್ಡವರು ಎದುರು ನಿಂತಿರುವಾಗ, ಅದೇ ಮಗು ಮುಂದೆ ಬಂದು ನಾನು, ನಾನು ಅನ್ನುತ್ತದೆ. ಆ ಮಂತ್ರ ಮರೆತುಹೋಗಿದೆ. ಅಲ್ಲಿ ಇನ್ನೊಂದು ಗುರುತು ಹಾಕಿ, ಎರಡೂ ಪುಟಗಳನ್ನು ಮತ್ತೆ ಓದಿ.